ಆಕ್ಸೆಸ್ ಕ್ವೆರಿ ಡಿಸೈನರ್: ಏನೇನು ಸುಧಾರಿಸಿದೆ, ಏನು ಇನ್ನೂ ಹಾಗೇ ಇದೆ?

ಸೊಸೈಟಿ ಲೆಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮದು ಅಡಿಕೆ ಬೆಳೆಗಾರರ ಸಣ್ಣ ಸಹಕಾರ ಸಂಘ. ಸದಸ್ಯರ ಪಟ್ಟಿ, ಸಾಲದ ಕಂತು, ತೂಕದ ಚೀಟಿ ಎಲ್ಲ ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಆಕ್ಸೆಸ್‌ನಲ್ಲಿದೆ. ಅದರಿಂದ ಮಾಹಿತಿ ಕೇಳುವ ಪ್ರಶ್ನೆಗೆ ಕ್ವೆರಿ ಅನ್ನುತ್ತಾರೆ. ಕ್ವೆರಿ ಬರೆಯುವ ಭಾಷೆ ಎಸ್‌ಕ್ಯೂಎಲ್ ನನಗೆ ಅಭ್ಯಾಸ ಇಲ್ಲ. ಕ್ವೆರಿಯನ್ನು ಚಿತ್ರದಲ್ಲಿ ಕಟ್ಟುವ ಡಿಸೈನ್ ವ್ಯೂನಲ್ಲಿ ಟೇಬಲ್ ಎಳೆದು ತಂದು, ಗೆರೆ ಜೋಡಿಸಿ, ಕೆಳಗಿನ ಗ್ರಿಡ್‌ನಲ್ಲಿ ಕ್ರೈಟೀರಿಯಾ (ಷರತ್ತು) ಹಾಕಿ ಕೆಲಸ ಸಾಗಿಸುತ್ತೇನೆ. ಈಗ ಆಫೀಸಿನ ಕಂಪ್ಯೂಟರ್‌ಗಳು 2010ರ ಆವೃತ್ತಿಯಿಂದ 365ಕ್ಕೆ ಬಂದಿವೆ. ಬಲಗಡೆ ಟೇಬಲ್ ಸೇರಿಸುವ ಹೊಸ ಪಟ್ಟಿ ಕಾಣಿಸುತ್ತಿದೆ, ಎಸ್‌ಕ್ಯೂಎಲ್ ವ್ಯೂಗೆ ಬಣ್ಣ ಬಂದಿದೆ. ಚೆನ್ನಾಗಿದೆ.

ಆದರೆ ನನ್ನ ಎರಡು ಹಳೇ ತಲೆನೋವು ಹಾಗೇ ಇವೆ. ಒಂದು, 2024ರ ಏಪ್ರಿಲ್ 1ರಿಂದ ಕಂತು ಕಟ್ಟಿದವರ ಪಟ್ಟಿ ಬೇಕು, ಕಟ್ಟದವರ ಹೆಸರೂ ಖಾಲಿ ಮೊತ್ತದ ಜೊತೆ ಬರಬೇಕು. ಸದಸ್ಯರಿಂದ ಕಂತಿನ ಕಡೆಗೆ ಬಾಣ ಇರುವ ಜಾಯಿನ್ (ಎರಡು ಟೇಬಲ್ ಬೆಸೆಯುವ ಗೆರೆ) ಹಾಕಿದ್ದೇನೆ. ದಿನಾಂಕದ ಷರತ್ತು ಹಾಕಿದ ಕೂಡಲೇ ಕಟ್ಟದವರು ಮಾಯ. ಎರಡು, ಅದೇ ಕ್ವೆರಿಗೆ ತೂಕದ ಟೇಬಲ್ ಸೇರಿಸಿದರೆ ಕಂತಿನ ಒಟ್ಟು ಮೊತ್ತ ಡಬಲ್, ಕೆಲವರಿಗೆ ತ್ರಿಬಲ್ ತೋರಿಸುತ್ತದೆ. ಇವು ಬಗ್ಗಾ? ಹೊಸ ಆವೃತ್ತಿಯಲ್ಲಿ ಸರಿಪಡಿಸಿದ್ದಾರಾ? ಡಿಸೈನರ್‌ನಲ್ಲಿ ಬೇರೆ ಏನು ಬದಲಾಗಿದೆ ಅಂತಲೂ ತಿಳಿದವರು ಹೇಳಿ.

ರಾತ್ರಿಪಾಳಿ
ಎಸ್‌ಕ್ಯೂಎಲ್ ಕಲಿಯಿರಿ ಸರ್. ಒಂದು ವಾರದ ಕೆಲಸ. ಗೆರೆ ಎಳೆಯೋ ಆಟ ಎಷ್ಟು ದಿನ?

ಹಳೇ ಡಿಬಿಎ
@ರಾತ್ರಿಪಾಳಿ, ಪ್ರಶ್ನೆಗೆ ಉತ್ತರ ಕೊಡಿ ಮೊದಲು. ಅವರ ಎರಡೂ ತೊಂದರೆ ಎಸ್‌ಕ್ಯೂಎಲ್ ಬರೆದರೂ ಅಷ್ಟೇ ಸಲೀಸಾಗಿ ಬರುತ್ತವೆ.

@ಸೊಸೈಟಿ ಲೆಕ್ಕ, ಎರಡೂ ಬಗ್ ಅಲ್ಲ. ಬಾಣದ ಜಾಯಿನ್, ಅಂದರೆ ಲೆಫ್ಟ್ ಜಾಯಿನ್, ಮಾಡಿದಾಗ ಕಂತು ಕಟ್ಟದ ಸದಸ್ಯರ ಸಾಲಿನಲ್ಲಿ ಕಂತಿನ ದಿನಾಂಕ ನಲ್, ಅಂದರೆ ಖಾಲಿ, ಆಗಿರುತ್ತದೆ. ಜಾಯಿನ್ ಆದಮೇಲೆ ನಿಮ್ಮ ಷರತ್ತು ಬಂದು "ದಿನಾಂಕ ಏಪ್ರಿಲ್ 1ರ ನಂತರದ್ದಾ?" ಎಂದು ಕೇಳುತ್ತದೆ. ನಲ್‌ಗೆ ಹೌದು ಎಂಬ ಉತ್ತರ ಇಲ್ಲ, ಹಾಗಾಗಿ ಆ ಸಾಲು ಹೊರಗೆ. ಬಾಣ ಇದ್ದರೂ ಫಲಿತಾಂಶ ಸಾದಾ ಜಾಯಿನ್‌ನದ್ದೇ, ಎರಡೂ ಕಡೆ ಜೋಡಿ ಇರುವ ಸಾಲು ಮಾತ್ರ. ಡಿಸೈನರ್ ಮಾತ್ರ ಬಾಣವನ್ನು ಹಾಗೇ ತೋರಿಸುತ್ತಾ ಕೂತಿರುತ್ತದೆ, ಒಂದು ಎಚ್ಚರಿಕೆಯೂ ಇಲ್ಲ. ನನ್ನ ಪ್ರಕಾರ ದೊಡ್ಡ ಕೊರತೆ ಅದೇ.

ಕರಾವಳಿ ಕೋಡ್
ಕೆಳಗಿನ "ಆರ್" ಸಾಲಿನಲ್ಲಿ "ಇಸ್ ನಲ್" ಅಂತ ಹಾಕಿ ಮಾರಾಯ್ರೆ, ಎಲ್ಲರೂ ಬರ್ತಾರೆ.

ಹಳೇ ಡಿಬಿಎ
ಬರುವುದಿಲ್ಲ. ಎಲ್ಲರೂ ಹೇಳುವ ಉಪಾಯ ಅದು, ಅರ್ಧ ಮಾತ್ರ ಕೆಲಸ ಮಾಡುತ್ತದೆ. ಒಬ್ಬ ಸದಸ್ಯ 2022ರಲ್ಲಿ ಕಂತು ಕಟ್ಟಿದ್ದಾನೆ, ಈ ವರ್ಷ ಕಟ್ಟಿಲ್ಲ ಎಂದುಕೊಳ್ಳಿ. ಅವನಿಗೆ ಕಂತಿನ ಸಾಲು ಇದೆ, ಆದ್ದರಿಂದ ದಿನಾಂಕ ನಲ್ ಅಲ್ಲ. ಆ ದಿನಾಂಕ ಈ ವರ್ಷದ್ದೂ ಅಲ್ಲ. ಎರಡೂ ಷರತ್ತಿಗೆ ಸಿಗದೆ ಪಟ್ಟಿಯಿಂದ ಬಿದ್ದುಹೋಗುತ್ತಾನೆ. ನಿಜವಾಗಿ ನೋಟಿಸ್ ಹೋಗಬೇಕಾದವನು ಅವನೇ. ಯಾವತ್ತೂ ಒಂದು ಕಂತೂ ಕಟ್ಟದವರು ಮಾತ್ರ ಬರುತ್ತಾರೆ, ಪಟ್ಟಿ ನೋಡಿದರೆ ಸರಿ ಇದೆ ಅನ್ನಿಸುತ್ತದೆ. ಅದಕ್ಕೇ ಇದು ಅಪಾಯ.

ಸರಿಯಾದ ದಾರಿ: ಮೊದಲು ಕಂತಿನ ಟೇಬಲ್ ಒಂದನ್ನೇ ಇಟ್ಟು ಈ ವರ್ಷದ ಷರತ್ತು ಹಾಕಿ. ಟೋಟಲ್ಸ್ ಬಟನ್ ಒತ್ತಿ, ಸದಸ್ಯ ಸಂಖ್ಯೆಗೆ ಗ್ರೂಪ್ ಬೈ (ಗುಂಪು ಮಾಡು), ಮೊತ್ತಕ್ಕೆ ಸಮ್ (ಕೂಡಿಸು), ದಿನಾಂಕದ ಕಾಲಂಗೆ "ವೇರ್" (ಷರತ್ತಿನಿಂದ ಸೋಸು) ಕೊಡಿ. ಕ್ವೆರಿ ಸೇವ್ ಮಾಡಿ. ತೂಕಕ್ಕೂ ಹಾಗೇ ಇನ್ನೊಂದು ಕ್ವೆರಿ. ಆಮೇಲೆ ಹೊಸ ಕ್ವೆರಿಯಲ್ಲಿ ಸದಸ್ಯರ ಟೇಬಲ್ ಜೊತೆ ಈ ಎರಡನ್ನೂ ಬಾಣದ ಜಾಯಿನ್‌ನಿಂದ ಸೇರಿಸಿ. ನಿಮ್ಮ ಎರಡನೇ ಪ್ರಶ್ನೆಯೂ ಇಲ್ಲೇ ಮುಗಿಯುತ್ತದೆ. ಒಬ್ಬರಿಗೆ 3 ಕಂತು, 2 ತೂಕದ ಚೀಟಿ ಇದ್ದರೆ ನೇರ ಜಾಯಿನ್‌ನಲ್ಲಿ 6 ಸಾಲು ಹುಟ್ಟುತ್ತವೆ. ಕಂತಿನ ಮೊತ್ತ ಎರಡರಷ್ಟು, ತೂಕ ಮೂರರಷ್ಟು. ಮೊದಲೇ ಒಬ್ಬರಿಗೆ ಒಂದೇ ಸಾಲಾಗುವಂತೆ ಕೂಡಿಸಿಟ್ಟರೆ ಆ ಗುಣಾಕಾರ ಆಗುವುದೇ ಇಲ್ಲ.

ಲೈಬ್ರರಿಯಮ್ಮ
ದಿನಾಂಕದ ಕಾಲಂಗೆ ಗ್ರೂಪ್ ಬೈ ಬಿಟ್ಟು "ವೇರ್" ಹಾಕಬೇಕು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು ಸರ್. ಟೋಟಲ್ಸ್ ಒತ್ತಿದ ಕೂಡಲೇ ಎಲ್ಲ ಕಾಲಂಗೂ ಗ್ರೂಪ್ ಬೈ ತಾನಾಗಿ ಕೂರುತ್ತದೆ. ಹಾಗೇ ಬಿಟ್ಟರೆ ದಿನಕ್ಕೊಂದು ಸಾಲು ಬರುತ್ತದೆ, ಷರತ್ತು ಕೂಡ ಹ್ಯಾವಿಂಗ್ (ಗುಂಪು ಮಾಡಿದಮೇಲೆ ಸೋಸುವ ಭಾಗ) ಒಳಗೆ ಹೋಗುತ್ತದೆ. ನಮ್ಮ ಲೈಬ್ರರಿಯಲ್ಲಿ ಪುಸ್ತಕ ಎರವಲಿನ ಲೆಕ್ಕ ತೆಗೆಯಲು ಬರುವ ಹೊಸಬರೆಲ್ಲ ಇಲ್ಲೇ ಎಡವುತ್ತಾರೆ.

ಫ್ರೀಮಾಂಟ್ ಕನ್ನಡಿಗ
ಹೊಸತೇನು ಅಂತ ಕೇಳಿದ್ದಕ್ಕೆ ನನಗೆ ಗೊತ್ತಿರುವಷ್ಟು. ಹಳೇ ಆವೃತ್ತಿಗಳಲ್ಲಿ "ಶೋ ಟೇಬಲ್" ಪೆಟ್ಟಿಗೆ ಪರದೆ ನಡುವೆ ಬಂದು ಕೂತು ಅಡ್ಡ ಆಗುತ್ತಿತ್ತು, ಮುಚ್ಚದೆ ಬೇರೆ ಏನೂ ಮಾಡುವ ಹಾಗಿರಲಿಲ್ಲ. ಈಗ ಬಲಗಡೆ "ಆ್ಯಡ್ ಟೇಬಲ್ಸ್" ಪಟ್ಟಿ ತೆರೆದೇ ಇರುತ್ತದೆ, ಬೇಕಾದಾಗ ಎಳೆದು ತರಬಹುದು. ಆಕ್ಸೆಸ್ 2021 ಹೊತ್ತಿಗೆ ಎಸ್‌ಕ್ಯೂಎಲ್ ವ್ಯೂನಲ್ಲಿ ಹುಡುಕಿ ಬದಲಿಸುವ ಸೌಲಭ್ಯವೂ ಬಂತು. ಅದಕ್ಕೂ ಮುಂಚೆ ಉದ್ದದ ಕ್ವೆರಿಯನ್ನು ನೋಟ್‌ಪ್ಯಾಡ್‌ಗೆ ಹಾಕಿ ಬದಲಿಸಿ ವಾಪಸ್ ತರುವುದೇ ಗತಿ. ಟೇಬಲ್ ಪೆಟ್ಟಿಗೆಯನ್ನು ಅದರೊಳಗಿನ ಫೀಲ್ಡ್‌ಗಳಿಗೆ ತಕ್ಕ ಅಳತೆಗೆ ತರುವುದು, ಹಲವು ಪೆಟ್ಟಿಗೆ ಒಟ್ಟಿಗೆ ಆರಿಸಿ ಸರಿಸುವುದು, ಕ್ವೆರಿ ಒಳಗಿನ ಟೇಬಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅಲ್ಲಿಂದಲೇ ತೆರೆಯುವುದು, ಇಂಥ ಸಣ್ಣ ಸಣ್ಣವೂ ಇವೆ.

ನೀವು ನೋಡಿದ ಬಣ್ಣದ ಎಡಿಟರ್ 365ಕ್ಕೆ 2024ರಲ್ಲಿ ಬಂದದ್ದು. ಹೆಸರು ಮೊನಾಕೊ. ಮೈಕ್ರೋಸಾಫ್ಟ್‌ನ ಕೋಡ್ ಬರೆಯುವ ತಂತ್ರಾಂಶ ವಿಎಸ್ ಕೋಡ್ ಒಳಗಿರುವುದೂ ಅದೇ. ಸಾಲಿನ ಸಂಖ್ಯೆ, ಬಣ್ಣ, ಟೈಪ್ ಮಾಡುವಾಗ ಸಲಹೆ ಎಲ್ಲ ಇದೆ.

ರಾತ್ರಿಪಾಳಿ
ಆಕ್ಸೆಸ್ ಮೊದಲ ಆವೃತ್ತಿ ಬಂದದ್ದು 1992ರಲ್ಲಿ. ಬಣ್ಣ ಬರಲು 2024 ಆಗಬೇಕಾಯ್ತು. ಅಭಿನಂದನೆಗಳು 😄

ಹುಬ್ಬಳ್ಳಿ ಮಂದಿ
ನಗಬ್ಯಾಡ್ರಿ, ಬಂತಲ್ಲ ಅಷ್ಟು ಸಾಕು. ಆದರೆ ನನ್ನ ತಕರಾರು ಬೇರೆ. ಬಣ್ಣ ಕೊಟ್ಟರು, ಡಿಸೈನ್ ವ್ಯೂ ಮಾತ್ರ ಅಲ್ಲೇ ನಿಂತಿದೆ. ಎರಡು ಪಟ್ಟಿಯನ್ನು ಒಂದರ ಕೆಳಗೊಂದು ಸೇರಿಸುವ ಯೂನಿಯನ್ ಕ್ವೆರಿ ಬರೆದರೆ ಡಿಸೈನ್ ವ್ಯೂ ಬಟನ್ನೇ ಸಿಗುವುದಿಲ್ಲ. ಜಾಯಿನ್‌ನಲ್ಲಿ ಸಮ ಚಿಹ್ನೆ ಬಿಟ್ಟು ಜಾಸ್ತಿ, ಕಮ್ಮಿ ಚಿಹ್ನೆ ಹಾಕಿದರೆ "ಈ ಜಾಯಿನ್ ತೋರಿಸಲು ಆಗಲ್ಲ" ಅಂತ ಕೈ ಎತ್ತುತ್ತದೆ. ಬಡ್ಡಿ ದರದ ಕೋಷ್ಟಕದಲ್ಲಿ "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಈ ದರ" ಅಂತ ಇರುತ್ತದಲ್ಲ, ಅದಕ್ಕೆ ಇಂಥ ಜಾಯಿನ್ ಬೇಕೇ ಬೇಕು. ಎರಡೂ ಕಡೆಯ ಜೋಡಿ ಸಿಗದ ಸಾಲುಗಳನ್ನೂ ಉಳಿಸುವ ಫುಲ್ ಔಟರ್ ಜಾಯಿನ್ ಇಲ್ಲ. ಒಂದೇ ಹೆಸರು ಹಲವು ಸಲ ಬಂದರೂ ಒಂದೇ ಅಂತ ಎಣಿಸುವ ಕೌಂಟ್ ಡಿಸ್ಟಿಂಕ್ಟ್ ಇಲ್ಲ. ಇದನ್ನೆಲ್ಲ ಬಿಟ್ಟು ಪಟ್ಟಿಯನ್ನು ನಡುವಿನಿಂದ ಬಲಕ್ಕೆ ಸರಿಸಿದ್ದೇ ಸುಧಾರಣೆ ಅಂದರೆ, ಸೋರುವ ಮನೆಗೆ ಸುಣ್ಣ ಬಳಿದ ಹಾಗೆ.

ಲೈಬ್ರರಿಯಮ್ಮ
ದರದ ಕೋಷ್ಟಕಕ್ಕೆ ಡಿಸೈನ್ ವ್ಯೂನಲ್ಲೇ ದಾರಿ ಇದೆ. ಎರಡು ಟೇಬಲ್ ನಡುವೆ ಗೆರೆ ಎಳೆಯಬೇಡಿ. ದಿನಾಂಕದ ಕಾಲಂನ ಕ್ರೈಟೀರಿಯಾದಲ್ಲಿ ಬಿಟ್ವೀನ್ ಬರೆದು, ದರದ ಟೇಬಲ್‌ನ ಎರಡೂ ದಿನಾಂಕದ ಫೀಲ್ಡ್ ಹೆಸರನ್ನು ಚೌಕ ಆವರಣದಲ್ಲಿ ಕೊಡಿ. ಸಾದಾ ಜಾಯಿನ್ ಸಾಕಾಗುವ ಕಡೆ ಫಲಿತಾಂಶ ಅದೇ. ಟೇಬಲ್ ತೀರ ದೊಡ್ಡದಿದ್ದರೆ ನಿಧಾನ ಆಗಬಹುದು. ದರದ ಕೋಷ್ಟಕದಲ್ಲಿ ಹತ್ತಿಪ್ಪತ್ತು ಸಾಲು ಇರುತ್ತದೆ ಅಷ್ಟೇ ಅಲ್ವಾ.

ಹುಬ್ಬಳ್ಳಿ ಮಂದಿ
ಹೌದ್ರಿ ಮೇಡಂ, ನಡೀತದ. ಆದರೆ ಯಾವ ದರಕ್ಕೂ ಸಿಗದ ಸಾಲು ಬಿದ್ದುಹೋಗುತ್ತದಲ್ಲ, ನನಗೆ ಬೇಕಾದದ್ದೇ ಆ ಸಾಲು.

ಮೈಸೂರು ಮೇಷ್ಟ್ರು
ಗ್ರಿಡ್ ಅಂದರೆ ಮಕ್ಕಳಾಟ ಅನ್ನುವವರಿಗೆ ಸ್ವಲ್ಪ ಇತಿಹಾಸ. ಟೇಬಲ್‌ನ ಖಾಲಿ ಚೌಕಟ್ಟಿನಲ್ಲಿ ಉದಾಹರಣೆ ತುಂಬಿ ಪ್ರಶ್ನೆ ಕೇಳುವ ಈ ಕ್ರಮವನ್ನು 1970ರ ದಶಕದ ಮಧ್ಯದಲ್ಲಿ ಐಬಿಎಂನ ಮೋಶೆ ಜ್ಲೂಫ್ ರೂಪಿಸಿದರು. ಕ್ವೆರಿ ಬೈ ಎಕ್ಸಾಂಪಲ್ ಅಂತ ಹೆಸರು. ಎಸ್‌ಕ್ಯೂಎಲ್ ಹುಟ್ಟಿದ್ದೂ ಅದೇ ದಶಕ, ಅದೇ ಕಂಪನಿ. ಇವು ಅಕ್ಕಪಕ್ಕದಲ್ಲಿ ಬೆಳೆದವು. ಗ್ರಿಡ್ ಅನ್ನುವುದು ಎಸ್‌ಕ್ಯೂಎಲ್ ಬಾರದವರಿಗೆ ಆಮೇಲೆ ಕೊಟ್ಟ ಊರುಗೋಲು ಅಂತ ತಿಳಿಯಬೇಡಿ.

ಪಾಠ ಮಾಡುವಾಗ ನಾನು ಗ್ರಿಡ್‌ನಿಂದಲೇ ಶುರು ಮಾಡುತ್ತೇನೆ. ಒಂದೇ ಸಾಲಿನಲ್ಲಿರುವ ಷರತ್ತುಗಳು "ಮತ್ತು", ಕೆಳಗಿನ ಸಾಲಿಗೆ ಹೋದರೆ "ಅಥವಾ". ಇದನ್ನು ಬೋರ್ಡ್ ಮೇಲೆ ಎಷ್ಟು ಬರೆದರೂ ಅರ್ಥವಾಗದ ಹುಡುಗರಿಗೆ ಗ್ರಿಡ್‌ನಲ್ಲಿ ಕೂಡಲೇ ಹೊಳೆಯುತ್ತದೆ.

ರಾತ್ರಿಪಾಳಿ
ಸರಿ ಮೇಷ್ಟ್ರೇ, ಇತಿಹಾಸ ಒಪ್ಪಿದೆ. ಆದರೆ ಜ್ಲೂಫ್ ಮಾಡಿದ್ದೇ ಆಕ್ಸೆಸ್ ಗ್ರಿಡ್ ಅಲ್ಲ. ಅವರಲ್ಲಿ ಎರಡು ಟೇಬಲ್ ಜೋಡಿಸಲು ಗೆರೆ ಎಳೆಯಬೇಕಿರಲಿಲ್ಲ, ಎರಡು ಚೌಕಟ್ಟಿನಲ್ಲೂ ಒಂದೇ ಉದಾಹರಣೆ ಪದ ಬರೆದರೆ ಅದೇ ಜಾಯಿನ್. ಗೆರೆ ಬಂದದ್ದು ಮೌಸ್ ಬಂದಮೇಲೆ. ತೊಂದರೆ ಇರುವುದೂ ಆ ಗೆರೆಯಲ್ಲೇ. ಷರತ್ತು ಜಾಯಿನ್‌ಗೆ ಮುಂಚೆಯಾ ಆಮೇಲೆಯಾ ಅಂತ ಗೆರೆ ಹೇಳುವುದಿಲ್ಲ.

ಹಳೇ ಡಿಬಿಎ
ಈ ಮಾತು ಸರಿ. ಮೈಕ್ರೋಸಾಫ್ಟ್‌ಗೆ ನಾನು ಕೇಳುವ ಒಂದೇ ಒಂದು ಸುಧಾರಣೆ ಅದೇ. ಬಾಣದ ಆಚೆ ತುದಿಯ ಟೇಬಲ್‌ಗೆ ಷರತ್ತು ಹಾಕಿದಾಗ, "ಈ ಷರತ್ತಿನಿಂದ ಜೋಡಿ ಸಿಗದ ಸಾಲುಗಳು ಬಿದ್ದುಹೋಗುತ್ತವೆ, ಜಾಯಿನ್ ಆಗುವ ಮೊದಲೇ ಹಾಕಲೇ?" ಅಂತ ಕೇಳಲಿ. ಒಂದು ಟಿಕ್ ಪೆಟ್ಟಿಗೆ ಸಾಕು.

ಕರಾವಳಿ ಕೋಡ್
ಇನ್ನೊಂದು ಹಳೇ ಕಾಟ. ಎರಡು ಟೇಬಲ್‌ನಲ್ಲೂ "ಐಡಿ" ಅನ್ನುವ ಪ್ರೈಮರಿ ಕೀ (ಸಾಲನ್ನು ಗುರುತಿಸುವ ಸಂಖ್ಯೆ) ಇದ್ದರೆ, ಟೇಬಲ್ ಎಳೆದು ಹಾಕಿದ ಕೂಡಲೇ ಐಡಿಗೆ ಐಡಿ ತಾನೇ ಗೆರೆ ಎಳೆಯುತ್ತದೆ. ಸದಸ್ಯ 15ಕ್ಕೆ ಕಂತು 15 ಅಂತ ಜೋಡಿ! ಸಂಬಂಧವೇ ಇಲ್ಲ. ಉತ್ತರ ಮಾತ್ರ ಬರುತ್ತದೆ, ಎರರ್ ಇಲ್ಲ. ಆಪ್ಷನ್ಸ್‌ನಲ್ಲಿ ಆಬ್ಜೆಕ್ಟ್ ಡಿಸೈನರ್ಸ್ ಒಳಗೆ "ಎನೇಬಲ್ ಆಟೊಜಾಯಿನ್" ತೆಗೆದುಹಾಕಿ. ರಿಲೇಷನ್‌ಶಿಪ್ಸ್ ವಿಂಡೋದಲ್ಲಿ ಸರಿಯಾಗಿ ಸಂಬಂಧ ಹಾಕಿಟ್ಟರೆ ಆ ಗೆರೆ ಹೇಗೂ ಬರುತ್ತದೆ.

ಸೊಸೈಟಿ ಲೆಕ್ಕ
@ಹಳೇ ಡಿಬಿಎ ಸರ್, ನೀವು ಹೇಳಿದ ಹಾಗೆ ಎರಡು ಕ್ವೆರಿ ಮಾಡಿ ಸೇರಿಸಿದೆ, ಮೊತ್ತ ಕ್ಯಾಶ್‌ಬುಕ್‌ಗೆ ತಾಳೆ ಆಯ್ತು. ಧನ್ಯವಾದ. ಒಂದು ವಿಚಿತ್ರ ನೋಡಿದೆ. ಗ್ರಿಡ್‌ನಲ್ಲಿ 01/04/2024 ಅಂತ ಹಾಕಿದ್ದೇನೆ. ಎಸ್‌ಕ್ಯೂಎಲ್ ವ್ಯೂ ತೆರೆದರೆ #4/1/2024# ಅಂತ ಇದೆ. ಉಲ್ಟಾ ಆಗಿದೆಯಲ್ಲ?

ಫ್ರೀಮಾಂಟ್ ಕನ್ನಡಿಗ
ಉಲ್ಟಾ ಅಲ್ಲ, ಸರಿಯಾಗಿಯೇ ಇದೆ. ಗ್ರಿಡ್ ನಿಮ್ಮ ವಿಂಡೋಸ್ ರೀಜನ್ ನೋಡುತ್ತದೆ, ಅಲ್ಲಿ ದಿನ ಮೊದಲು. ಎಸ್‌ಕ್ಯೂಎಲ್ ಒಳಗೆ ಹ್ಯಾಶ್ ನಡುವೆ ಬರೆಯುವುದು ಅಮೆರಿಕದ ಕ್ರಮ, ತಿಂಗಳು ಮೊದಲು. ನೀವು ಗ್ರಿಡ್‌ನಲ್ಲೇ ಇರುವವರೆಗೆ ಚಿಂತೆ ಇಲ್ಲ.

ಕಷ್ಟ ಬರುವುದು ಯಾರಾದರೂ ಅದನ್ನು ಕೋಡ್‌ಗೆ ನಕಲು ಮಾಡಿ ನಮ್ಮ ಕ್ರಮದಲ್ಲಿ ದಿನಾಂಕ ಹಾಕಿದಾಗ. #01/04/2024# ಅಂದರೆ ಜನವರಿ 4 ಆಗುತ್ತದೆ. ಅದಕ್ಕಿಂತ ಕೆಟ್ಟದ್ದು, #25/04/2024# ಕೊಟ್ಟರೆ 25ನೇ ತಿಂಗಳು ಇಲ್ಲವಲ್ಲ, ಆಗ ತಾನೇ ತಿರುಗಿಸಿ ಏಪ್ರಿಲ್ 25 ಅಂತ ಓದುತ್ತದೆ. ಅಂದರೆ ತಿಂಗಳಿನ ಮೊದಲ 12 ದಿನ ತಪ್ಪು, ಉಳಿದ ದಿನ ಸರಿ. ಪರೀಕ್ಷೆ ಮಾಡಿದವನು 20ನೇ ತಾರೀಖು ಮಾಡಿದ್ದರೆ ಎಲ್ಲ ಸರಿ ಇದೆ ಅಂದುಕೊಂಡು ಹೋಗುತ್ತಾನೆ. ಕೋಡ್‌ನಲ್ಲಿ ಯಾವಾಗಲೂ ವರ್ಷ-ತಿಂಗಳು-ದಿನ ಕ್ರಮ ಬಳಸಿ, #2024-04-01# ಹೀಗೆ. ಗೊಂದಲಕ್ಕೆ ಜಾಗ ಇಲ್ಲ.

ನುಡಿ ಕೀಬೋರ್ಡ್
ವಿಷಯ ಸ್ವಲ್ಪ ಪಕ್ಕಕ್ಕೆ. ಕನ್ನಡ ಹೆಸರು ಹುಡುಕುವವರು ಯಾರಾದರೂ ಇದ್ದೀರಾ? ನಮ್ಮಲ್ಲಿ ಹಳೇ ಡೇಟಾ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಕ್ರೈಟೀರಿಯಾದಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಒಂದೂ ಸಿಗುವುದಿಲ್ಲ.

ಹಳೇ ಡಿಬಿಎ
ಸಿಗುವುದಿಲ್ಲ. ಹಳೇ ನುಡಿ ಡೇಟಾ ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡದ ಹಾಗೆ ಚಿತ್ರಿಸುತ್ತದೆ ಅಷ್ಟೇ. ಅಕಾರಾದಿ ವಿಂಗಡಣೆಯೂ ಸರಿಯಾಗಿ ಬರುವುದಿಲ್ಲ. ಕನ್ವರ್ಟರ್ ಹಾಕಿ ಒಮ್ಮೆ ಪೂರ್ತಿ ಯೂನಿಕೋಡ್‌ಗೆ ತನ್ನಿ. ಮೊದಲು ಕಾಪಿ ಇಟ್ಟುಕೊಳ್ಳಿ. ಆಕ್ಸೆಸ್ 2000ದಿಂದಲೇ ಟೇಬಲ್ ಮತ್ತು ಕ್ವೆರಿಗಳಲ್ಲಿ ಯೂನಿಕೋಡ್ ನಡೆಯುತ್ತದೆ. ಆಕ್ಸೆಸ್ ಒಳಗೆ ಕೋಡ್ ಬರೆಯುವ ವಿಬಿಎ ಎಡಿಟರ್‌ನಲ್ಲಿ ಮಾತ್ರ ಇಂದಿಗೂ ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಕನ್ನಡ ಪದಗಳನ್ನು ಒಂದು ಟೇಬಲ್‌ನಲ್ಲಿಟ್ಟು ಕೋಡ್‌ನಿಂದ ಅಲ್ಲಿಗೆ ಹೋಗಿ ಓದಿಸಿ.

ಲೈಬ್ರರಿಯಮ್ಮ
ಯೂನಿಕೋಡ್ ಆದಮೇಲೂ ಅರ್ಕಾವತ್ತು ಕಾಡುತ್ತದೆ. ಒಬ್ಬರು "ಸೂರ್ಯ" ಅಂತ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರ ಕೀಬೋರ್ಡ್ "ಸೂರ‍್ಯ" ಅಂತ ನಡುವೆ ಕಾಣದ ಜೋಡಕ ಅಕ್ಷರ ಸೇರಿಸಿರುತ್ತದೆ. ಓದುವವರಿಗೆ ಎರಡೂ ಸೂರ್ಯನೇ, ಕಂಪ್ಯೂಟರ್‌ನಲ್ಲಿ ಎರಡರ ಸಂಕೇತ ಬೇರೆ. ಒಂದೇ ಲೇಖಕರ ಹೆಸರು ಎರಡು ಕಡೆ ಬಂದಿದ್ದಕ್ಕೆ ನಮ್ಮಲ್ಲಿ ಇದೇ ಕಾರಣ. ಅಪ್‌ಡೇಟ್ ಕ್ವೆರಿಯಲ್ಲಿ ರಿಪ್ಲೇಸ್ ಬಳಸಿ ಆ ಅಕ್ಷರ ತೆಗೆದುಬಿಡಿ. ಅದರ ಸಂಖ್ಯೆ 8205.

ಕರಾವಳಿ ಕೋಡ್
ಅಪ್‌ಡೇಟ್ ಕ್ವೆರಿ ಅಂದಾಗ ನೆನಪಾಯ್ತು, 2019ರ ನವೆಂಬರ್ ಗಲಾಟೆ ಯಾರಿಗೆ ನೆನಪಿದೆ? ಸೆಕ್ಯುರಿಟಿ ಅಪ್‌ಡೇಟ್ ಬಂದಮೇಲೆ ಅಪ್‌ಡೇಟ್ ಕ್ವೆರಿ ಓಡಿಸಿದರೆ "ಕ್ವೆರಿ ಕರಪ್ಟ್" ಅಂತ 3340 ಎರರ್.

ಫ್ರೀಮಾಂಟ್ ಕನ್ನಡಿಗ
ನವೆಂಬರ್ 12ರ ಅಪ್‌ಡೇಟ್ ಅದು. ಕ್ವೆರಿಗೆ ಏನೂ ಆಗಿರಲಿಲ್ಲ. ಒಂದೇ ಟೇಬಲ್ ಮೇಲೆ ಷರತ್ತಿನ ಜೊತೆ ಅಪ್‌ಡೇಟ್ ಮಾಡುವ ಕ್ವೆರಿಗಳನ್ನೆಲ್ಲ ಎಂಜಿನ್ ಕೆಟ್ಟಿದೆ ಅಂತ ತಿರಸ್ಕರಿಸುತ್ತಿತ್ತು. 2010ರಿಂದ 365ರವರೆಗೆ ಎಲ್ಲ ಆವೃತ್ತಿಗೂ ಹೊಡೆತ. ರಿಪೇರಿ ಒಂದೊಂದು ಆವೃತ್ತಿಗೆ ಬೇರೆ ಬೇರೆ ದಿನ, ನವೆಂಬರ್ ಡಿಸೆಂಬರ್‌ನಲ್ಲಿ ಬಂತು. ಅಲ್ಲಿಯವರೆಗೆ ಮೈಕ್ರೋಸಾಫ್ಟ್ ಹೇಳಿದ ಉಪಾಯ ಅಂದರೆ, ಟೇಬಲ್ ಮೇಲೆ ಒಂದು ಸಾದಾ ಸೆಲೆಕ್ಟ್ ಕ್ವೆರಿ ಮಾಡಿ ಟೇಬಲ್ ಬದಲು ಅದನ್ನೇ ಅಪ್‌ಡೇಟ್ ಮಾಡುವುದು.

ರಾತ್ರಿಪಾಳಿ
ಇಷ್ಟೆಲ್ಲ ಪಾಡು ಪಡುವ ಬದಲು ಬೇರೆ ಉಪಕರಣಕ್ಕೆ ಹೋಗಬಾರದಾ? ಹೇಗೂ ಫೈಲ್‌ಗೆ 2 ಜಿಬಿ ಮಿತಿ ಇದೆ.

ಮೈಸೂರು ಮೇಷ್ಟ್ರು
ಹೋಗಲು ಎಲ್ಲಿದೆ ಹೇಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಉಪಕರಣ ಪಿಜಿಅಡ್ಮಿನ್ 3ರಲ್ಲಿ ಚಿತ್ರದಲ್ಲಿ ಕ್ವೆರಿ ಕಟ್ಟುವ ಸೌಲಭ್ಯ ಇತ್ತು, 4ರಲ್ಲಿ ತೆಗೆದರು. ಹಲವು ಡೇಟಾಬೇಸ್‌ಗೆ ಆಗುವ ಡಿಬೀವರ್‌ನಲ್ಲಿ ಇದೆ, ಆದರೆ ದುಡ್ಡು ಕೊಡುವ ಆವೃತ್ತಿಗೆ ಮಾತ್ರ. ಎಸ್‌ಕ್ಯೂಎಲ್ ಸರ್ವರ್‌ನ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಕಂಟ್ರೋಲ್ ಶಿಫ್ಟ್ ಕ್ಯೂ ಒತ್ತಿದರೆ ಡಿಸೈನರ್ ಬರುತ್ತದೆ. ಆದರೆ ಒಂದು ಕೇಸ್ (ಹೀಗಿದ್ದರೆ ಇದು, ಇಲ್ಲದಿದ್ದರೆ ಅದು ಎನ್ನುವ ಷರತ್ತು) ಬರೆದರೆ ಸಾಕು, ಚಿತ್ರದಲ್ಲಿ ತೋರಿಸಲು ಆಗಲ್ಲ ಅನ್ನುತ್ತದೆ. ವ್ಯೂಗೆ (ಸರ್ವರ್‌ನಲ್ಲಿ ಸೇವ್ ಮಾಡಿದ ಕ್ವೆರಿಗೆ) ವಿಂಗಡಣೆ ಕೊಟ್ಟರೆ ಸುಮ್ನೆ "ಟಾಪ್ 100 ಪರ್ಸೆಂಟ್" ಸೇರಿಸುತ್ತದೆ, 2005ರ ಸರ್ವರ್‌ನಿಂದ ಈಚೆಗೆ ಆ ವಿಂಗಡಣೆಯನ್ನು ಎಂಜಿನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಚಿತ ಬೇಕು ಅಂದರೆ ಲಿಬ್ರೆಆಫೀಸ್ ಬೇಸ್ ಇದೆ. ಗ್ರಿಡ್ ಹೆಚ್ಚುಕಡಿಮೆ ಆಕ್ಸೆಸ್ ಥರವೇ.

ಹುಬ್ಬಳ್ಳಿ ಮಂದಿ
ಬೇಸ್ ನೋಡೀನಿ. ಅದರ ಗ್ರಿಡ್‌ಗೆ ಅರ್ಥವಾಗದ್ದು ಬರೆದರೆ "ಎಸ್‌ಕ್ಯೂಎಲ್ ನೇರವಾಗಿ ಓಡಿಸು" ಬಟನ್ ಒತ್ತಬೇಕು, ಒತ್ತಿದಮೇಲೆ ಗ್ರಿಡ್ ಇಲ್ಲ. ಎಲ್ಲ ಕಡೆ ಅದೇ ಗೋಡೆ. ಚಿತ್ರದಿಂದ ಎಸ್‌ಕ್ಯೂಎಲ್‌ಗೆ ಹೋಗುವ ದಾರಿ ಚೆನ್ನಾಗೈತಿ, ವಾಪಸ್ ಬರೋದೇ ಕಷ್ಟ.

ಸೊಸೈಟಿ ಲೆಕ್ಕ
ಬೇರೆ ಕಡೆ ಹೋಗುವ ಯೋಚನೆ ಸದ್ಯಕ್ಕಿಲ್ಲ ಸರ್, ಆಡಿಟ್ ಹತ್ತಿರ ಬಂದಿದೆ. ಇನ್ನೊಂದು ಪ್ರಶ್ನೆ ಕೇಳಿಬಿಡುತ್ತೇನೆ. ತಿಂಗಳವಾರು ಕಂತು ಅಡ್ಡಕ್ಕೆ ಬರಲಿ ಅಂತ ಕ್ರಾಸ್‌ಟ್ಯಾಬ್ ಕ್ವೆರಿ ಮಾಡಿದೆ. ತಿಂಗಳುಗಳು ಏಪ್ರಿಲ್, ಆಗಸ್ಟ್, ಡಿಸೆಂಬರ್ ಅಂತ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಬರುತ್ತಿವೆ.

ಕರಾವಳಿ ಕೋಡ್
ಕ್ವೆರಿಯ ಪ್ರಾಪರ್ಟಿ ಶೀಟ್ ತೆರೆಯಿರಿ. "ಕಾಲಂ ಹೆಡಿಂಗ್ಸ್" ಅಂತ ಇದೆ. ಅಲ್ಲಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹೆಸರು ಬರೆದರೆ ಅದೇ ಕ್ರಮದಲ್ಲಿ ಬರುತ್ತದೆ. ಒಂದೂ ಕಂತು ಬಾರದ ತಿಂಗಳೂ ಖಾಲಿಯಾಗಿ ಕಾಣುತ್ತದೆ, ರಿಪೋರ್ಟ್ ಒಡೆಯುವುದಿಲ್ಲ.

ಲೈಬ್ರರಿಯಮ್ಮ
ಹೆಸರು ಬೇಡ, ತಿಂಗಳ ಸಂಖ್ಯೆ ಹಾಕಿ. ಫಾರ್ಮ್ಯಾಟ್ ಫಂಕ್ಷನ್ ಕೊಡುವ ತಿಂಗಳ ಹೆಸರು ವಿಂಡೋಸ್ ರೀಜನ್ ಮೇಲೆ ನಿಂತಿದೆ. ಆಫೀಸಿನ ಒಂದು ಕಂಪ್ಯೂಟರ್‌ನಲ್ಲಿ ರೀಜನ್ ಕನ್ನಡಕ್ಕಿದ್ದರೆ ಹೆಸರು ಕನ್ನಡದಲ್ಲಿ ಬರುತ್ತದೆ, ಹೆಡಿಂಗ್ಸ್‌ನಲ್ಲಿ ಬರೆದದ್ದಕ್ಕೆ ಹೊಂದುವುದಿಲ್ಲ, ಕಾಲಂ ಪೂರ್ತಿ ಖಾಲಿ. ಎರರ್ ಕೂಡ ಬರುವುದಿಲ್ಲ. ಮಂತ್ ಫಂಕ್ಷನ್ ಬಳಸಿ, ಹೆಡಿಂಗ್ಸ್‌ನಲ್ಲಿ 4,5,6 ಅಂತ ಶುರು ಮಾಡಿ 12 ಆದಮೇಲೆ 1,2,3 ಬರೆಯಿರಿ. ಷರತ್ತು ಒಂದೇ ಆರ್ಥಿಕ ವರ್ಷಕ್ಕೆ ಇರಲಿ, ಇಲ್ಲದಿದ್ದರೆ ಎರಡು ವರ್ಷದ ಏಪ್ರಿಲ್ ಒಂದೇ ಕಾಲಂಗೆ ಸೇರುತ್ತದೆ. ತಿಂಗಳ ಹೆಸರನ್ನು ರಿಪೋರ್ಟ್‌ನ ಲೇಬಲ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿಕೊಳ್ಳಿ.